ಎಣ್ಣೆ ಮೆತ್ತಿದ ಫೋನು

ಲಾಗೋಸಿನ ಮುಶಿನ್ ಪೇಟೆಯಲ್ಲಿ ಅಕಾರ ಎಂಬ ಅಲಸಂದೆ ವಡೆ ಕರಿದು ಮಾರುವ ಮೊರೋಲಾಕೆಗೆ ಮೂಗಿನ ತುದಿಯಲ್ಲೇ ಕೋಪ. ಅವಳ ಆಂಡ್ರಾಯ್ಡ್ ಫೋನನ್ನು ಆಡಿಕೊಂಡವರಂತೂ ಕೆಟ್ಟರು. ಅಲಸಂದೆ ಹಿಟ್ಟಿನಲ್ಲಿ ಬಿದ್ದರೂ, ಬಾಣಲೆ ಪಕ್ಕ ಬೆಂದರೂ ಸಾಯದ ಗಟ್ಟಿಪಿಂಡ ಅದು. ಗಂಡ ಲಮಿದಿ ಸಾಯುವ ಮುಂಚೆ ಮಗಳ ಮದುವೆಗೆಂದು ಹೇಳಿ ರೆಕಾರ್ಡು ಮಾಡಿಟ್ಟ ಆಶೀರ್ವಾದ ಅದರಲ್ಲೇ ಇತ್ತು. ಆ ದಿನದವರೆಗೆ ಯಾರಿಗೂ ಕೇಳಿಸಬೇಡ ಅಂದಿದ್ದ.

ಮಗಳು ಇರೇತಿಯ ಗೆಳತಿಯರೋ, ಟೋಮಿವಾ ಮೊದಲಾಗಿ ಎಲ್ಲರೂ ಹಣ್ಣಿನ ಗುರುತಿನ ಫೋನಿನ ಭಕ್ತರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಕೈಯಲ್ಲಿ ಅದಿರಬೇಕು. ಅದರಲ್ಲೇ ಫೋಟೋ ಚಂದವಂತೆ, ಆಂಡ್ರಾಯ್ಡಿನವರು ಗಮಾರರಂತೆ.

ಮದುವೆಯ ಹಿಂದಿನ ದಿನ ಇರೇತಿ ಬಂದು, "ಅಮ್ಮಾ, ನಾಳೆ ಆ ಫೋನು ಹೊರಗೆ ತೆಗೀಬೇಡ, ನಾಚಿಕೆ ಆಗತ್ತೆ. ಅಪ್ಪನ ಮಾತು ಟೋಮಿವಾ ಫೋನಿಗೆ ಕಳ್ಸು, ಅವಳು ಸ್ಪೀಕರಿಗೆ ಹಾಕ್ತಾಳೆ" ಅಂದಳು.

ಮೊರೋಲಾಕೆಗೆ ಮೈಯೆಲ್ಲ ಉರಿದುಹೋಯಿತು. ಸಾಯುವವನಿಗೆ ಕೊಟ್ಟ ಮಾತು ಮುರಿದಂತಾಯಿತಲ್ಲ! ಮದುವೆ ಮನೆಯಲ್ಲಿ ರಂಪ ಬೇಡವೆಂದು ಹಲ್ಲು ಕಚ್ಚಿ ಅದನ್ನು ಟೋಮಿವಾಳ ಫೋನಿಗೆ ಕಳಿಸಿದಳು.

ಮದುಮಗಳು ಮೊಣಕಾಲೂರಿ ಹೆತ್ತವರ ಆಶೀರ್ವಾದ ಪಡೆಯುವ ಹೊತ್ತು ಬಂತು. ಬೆಳಗಿನಿಂದ ವಿಡಿಯೋ ತೆಗೆದೂ ತೆಗೆದೂ ಟೋಮಿವಾಳ ಫೋನಿನ ಚಾರ್ಜು ಮುಗಿದುಹೋಗಿತ್ತು. ಸ್ಪೀಕರಿನವನ ಚಾರ್ಜರಿನ ಪಿನ್ನು ಅದಕ್ಕೆ ಹೋಗಲಿಲ್ಲ. ಬೀಗರು ಗುಸುಗುಸು ಶುರುಮಾಡಿದರು. ಅಪ್ಪನ ಆಶೀರ್ವಾದವಿಲ್ಲದೆ ಮಗಳು ಹೊರಡುವುದೆ?

ಮೊರೋಲಾಕೆ ಸೊಂಟದ ಬಟ್ಟೆಯಿಂದ ಎಣ್ಣೆ ಮೆತ್ತಿದ ಫೋನು ತೆಗೆದು ಮೈಕಿಗೆ ಹಿಡಿದಳು.

"ಇದಕ್ಕೇ ತಾನೆ ನಿಂಗೆ ನಾಚಿಕೆ? ಊರು ಮೊಣಕಾಲು. ನಿಮ್ಮಪ್ಪ ಇದರೊಳಗಿದಾನೆ."

ಇರೇತಿ ಊರಿದಳು. ಫೋನಿನಿಂದ ಮೊದಲು ಕೆಮ್ಮು ಬಂತು, ನಿಲ್ಲದ ಕೆಮ್ಮು. ಆಮೇಲೆ, "ಅಬೇಕೆ, ಬಂದ್ಯಾ ಮಗಳೇ?" ಎಂಬ ದನಿ. ಅಬೇಕೆ ಎಂದು ಅವಳನ್ನು ಮುದ್ದಿಗೆ ಕರೆಯುತ್ತಿದ್ದವನು ಅವನೊಬ್ಬನೇ. ಇರೇತಿ ನೆಲಕ್ಕೆ ಹಣೆಯಿಟ್ಟು ಬಿಕ್ಕಿದಳು. ಪಕ್ಕದಲ್ಲಿ ಟೋಮಿವಾ ಮುಖ ಸಣ್ಣಗೆ ಮಾಡಿಕೊಂಡು, ಕೇಳುವವರಿಗೆ ಚೆನ್ನಾಗಿರಲಿ ಅಂತ ಆ ಕೆಮ್ಮು, ಆ ಹಳೇ ಹೆಸರು ಎರಡನ್ನೂ ತನ್ನ ಫೋನಿನಲ್ಲಿ ಕತ್ತರಿಸಿಬಿಟ್ಟಿದ್ದೆ ಎಂದು ಒಪ್ಪಿಕೊಂಡಳು. ಮೊರೋಲಾಕೆಗೆ ಅವಳ ಕೆನ್ನೆಗೆ ಬಿಡಬೇಕೆನಿಸಿತು.

ಊಟ ಮುಗಿದ ಮೇಲೆ ಇರೇತಿ ಕಣ್ಣೊರೆಸಿಕೊಂಡು ತಾಯಿಯ ಹತ್ತಿರ ಬಂದಳು.

"ಅಮ್ಮಾ, ಅದನ್ನ ನನ್ನ ಫೋನಿಗೆ ಕಳ್ಸಮ್ಮಾ. ಪೂರ್ತಿ."

ಮೊರೋಲಾಕೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಗಂಟು ಬಿಗಿದಳು.

"ಕಳ್ಸಲ್ಲ. ಅಪ್ಪ ಬೇಕು ಅನ್ಸಿದಾಗ ನನ್ನ ಬಾಣಲೆ ಹತ್ರ ಬಾ. ಆ ಗೆಳತೀರು ನೋಡ್ತಿರುವಾಗ್ಲೇ ಬಾ."