ಹುಳುಮನೆಯ ಹೊಸ್ತಿಲಲ್ಲಿ ಪಿಳ್ಳಪ್ಪ ಮೇಷ್ಟ್ರು

ಪಿಳ್ಳಪ್ಪ ಮೇಷ್ಟ್ರು ಕುರ್ಚಿಯ ಮೇಲೆ ಕುಳಿತು ಪಾಠ ಹೇಳಿದ್ದನ್ನು ನಾನು ನೋಡಿಲ್ಲ. ಕುರ್ಚಿ ಅವರ ಓಡಾಟಕ್ಕೆ ಅಡ್ಡವಾಗುತ್ತಿತ್ತು. ಆದ್ದರಿಂದ ತರಗತಿ ಆರಂಭವಾಗುವ ಮೊದಲು ಅದನ್ನು ತಾವೇ ಎತ್ತಿ ಬಾಗಿಲಿನಾಚೆ ಇಟ್ಟುಬಿಡುತ್ತಿದ್ದರು. ಬಲಗೈಯಲ್ಲಿ ಸೀಮೆಸುಣ್ಣ, ಎಡಗೈಯ ಎರಡು ಬೆರಳುಗಳ ನಡುವೆ ಒಂದು ಚಿಟಿಕೆ ನಶ್ಯ. ಹೀಗೆ ಸಜ್ಜಾಗಿ ಕರಿಹಲಗೆಯಿಂದ ಕಿಟಕಿಗೆ, ಕಿಟಕಿಯಿಂದ ಕೊನೆಯ ಬೆಂಚಿಗೆ, ಅಲ್ಲಿಂದ ಮತ್ತೆ ಕರಿಹಲಗೆಗೆ ಅವರು ನಡೆಯುತ್ತಲೇ ಇರುತ್ತಿದ್ದರು. ಲೆಕ್ಕ ಕಠಿಣವಾದಷ್ಟೂ ನಡಿಗೆ ಬಿರುಸಾಗುತ್ತಿತ್ತು. ಒಮ್ಮೆ ಕೈಗಳ ಲೆಕ್ಕ ತಪ್ಪಿ, ಸೀಮೆಸುಣ್ಣದ ಪುಡಿಯನ್ನೇ ಮೂಗಿಗೇರಿಸಿದರು. ಮಕ್ಕಳು ನಕ್ಕಾಗ ಅವರು ನಿಲ್ಲಲೂ ಇಲ್ಲ.

"ಯಾಕ್ರೋ ನಗ್ತೀರಿ? ಘಾಟು ಸ್ವಲ್ಪ ಕಡಿಮೆ, ಅಷ್ಟೇ. ಮುಂದಿನ ಹೆಜ್ಜೆ ಹೇಳ್ರಿ."

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಪ್ರೌಢಶಾಲೆಗಳಿಂದ ಚುರುಕಾದ ಮಕ್ಕಳನ್ನು ಆರಿಸಿ, ಬೇಸಿಗೆಯ ರಜೆಯಲ್ಲಿ ಮುಳಬಾಗಿಲಿನ ಒಂದು ಶಾಲೆಯಲ್ಲಿ ವಿಶೇಷ ತರಗತಿಗಳನ್ನು ನಡೆಸುತ್ತಿದ್ದೆವು. ಕೊನೆಯಲ್ಲಿ ಒಂದು ಪರೀಕ್ಷೆ. ಅದರಲ್ಲಿ ಮೇಲೆ ಬಂದವರಿಗೆ ಕೋಲಾರದಲ್ಲಿ ವಿದ್ಯಾರ್ಥಿನಿಲಯದ ಅನುಕೂಲದೊಡನೆ ಕಾಲೇಜಿನ ಓದು. ಹಳ್ಳಿಯ ಮಗುವೊಂದಕ್ಕೆ ಈ ಪರೀಕ್ಷೆಯ ಹೊರತು ಹತ್ತನೆಯ ತರಗತಿಯಾಚೆಗೆ ಬೇರೆ ಬಾಗಿಲು ಇರುತ್ತಿದ್ದುದು ಅಪರೂಪ. ಕನ್ನಡ ನನ್ನ ಪಾಲಿಗೆ, ಗಣಿತ ಲಕ್ಕೂರಿನ ಕಡೆಯಿಂದ ಬಂದ ಪಿಳ್ಳಪ್ಪನವರ ಪಾಲಿಗೆ.

ನಮ್ಮಿಬ್ಬರಿಗೂ ಮೊದಲು ಹೊಂದಿಕೆಯಾಗಲಿಲ್ಲವೆಂದು ಹೇಳುವುದು ಸೌಮ್ಯವಾದ ಮಾತು. ನಾನು ಸಮಾಸಗಳನ್ನು ಬಿಡಿಸುತ್ತಿರುವಾಗ ಅವರ ಮಕ್ಕಳು ಮೈದಾನದಲ್ಲಿ ಬಾವುಟದ ಕಂಬದ ನೆರಳನ್ನು ಅಳೆಯುತ್ತ ಕೂಗಾಡುವರು. ಅವರ ಮಾತಂತೂ ಎಲ್ಲೋ ಆರಂಭವಾಗಿ ಎಲ್ಲಿಯೂ ಮುಗಿಯುತ್ತಿರಲಿಲ್ಲ.

"ಪಿಳ್ಳಪ್ಪನವರೇ, ನಿಮ್ಮ ವಾಕ್ಯಗಳಿಗೆ ಕ್ರಿಯಾಪದವೇ ಇರುವುದಿಲ್ಲವಲ್ಲ," ಎಂದು ನಾನು ಒಮ್ಮೆ ಬೇಸರದಿಂದಲೇ ಹೇಳಿದೆ.

"ಪಂಡಿತರೇ, ಕ್ರಿಯೆಯೆಲ್ಲ ಕಾಲಲ್ಲೇ ಖರ್ಚಾಗಿಹೋಗುತ್ತೆ. ಬಾಯಿಗೆ ಉಳಿಯೋಲ್ಲ," ಎಂದು ಅವರು ನಡೆದೇಬಿಟ್ಟರು.

ಆದರೆ ಅವರ ಕ್ರಮವೊಂದಕ್ಕೆ ನಾನು ಕ್ರಮೇಣ ತಲೆಬಾಗಿದೆ. ಪ್ರತಿದಿನ ಒಂದು ಲೆಕ್ಕವನ್ನು ಕೊಟ್ಟು ಕಳುಹಿಸುವರು. ಮರುದಿನ ಉತ್ತರವನ್ನು ಕೇಳುತ್ತಿರಲಿಲ್ಲ. "ಎಲ್ಲಿ ಸಿಕ್ಕಿಹಾಕ್ಕೊಂಡ್ರಿ, ಅದನ್ನ ಹೇಳ್ರಿ ಮೊದಲು. ಉತ್ತರ ಎಲ್ಲೂ ಓಡಿಹೋಗೋಲ್ಲ," ಎನ್ನುವರು. ತನ್ನ ಶಾಲೆಯಲ್ಲಿ ಮೊದಲಿಗನೆನಿಸಿಕೊಂಡು ಬಂದ ಹುಡುಗನಿಗೆ ತಾನು ಸಿಕ್ಕಿಬಿದ್ದ ಜಾಗವನ್ನು ಎಲ್ಲರೆದುರು ಹೇಳುವುದು ಎಷ್ಟು ಕಷ್ಟವೆಂಬುದನ್ನು ಅಲ್ಲಿ ಕಂಡೆ. ಕಷ್ಟವಿಲ್ಲದೆ ಹೇಳುತ್ತಿದ್ದವಳು ಒಬ್ಬಳೇ, ತಾಯಲೂರಿನ ಹತ್ತಿರದ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಗಂಗರತ್ನ.

"ಮೂರನೇ ಸಾಲಲ್ಲಿ ಸಾರ್. ಅಲ್ಲಿ ನಾನು ಸುಮ್ನೆ ನಂಬಿಬಿಟ್ಟೆ," ಎನ್ನುವಳು. ಆಗ ಮೇಷ್ಟ್ರ ಮುಖ ಅರಳುವುದು.

ಆ ಗಂಗರತ್ನ ಒಂದು ದಿನ ಬರಲಿಲ್ಲ. ಮೇಷ್ಟ್ರು ಅಂದು ಪಾಠ ಮಾಡಿದರೆನ್ನುವುದಕ್ಕಿಂತ ಬಾಗಿಲು ಕಾದರೆನ್ನುವುದೇ ಸರಿ. ತರಗತಿ ಮುಗಿಯುತ್ತಲೇ ನನ್ನನ್ನೂ ಎಳೆದುಕೊಂಡು ತಾಯಲೂರಿನ ಬಸ್ಸು ಹತ್ತಿದರು. ಖಾಲಿ ಆಸನಗಳಿದ್ದರೂ ನಿಂತೇ ಪ್ರಯಾಣ ಮಾಡಿದರು.

ಹುಡುಗಿಯ ತಂದೆ ದೊಡ್ಡಮುನಿಯಪ್ಪನವರು ತೋಟದ ಬದುವಿನಲ್ಲಿ ಹಿಪ್ಪುನೇರಳೆ ಕೊಯ್ಯುತ್ತಿದ್ದರು. ಹೆಂಡತಿ ಕೈ ಮುರಿದುಕೊಂಡು ತವರಿನಲ್ಲಿದ್ದರು. ಮನೆಯಲ್ಲಿ ರೇಷ್ಮೆ ಹುಳುಗಳು ಕೊನೆಯ ಪೊರೆಯನ್ನು ಕಳಚಿದ್ದವು. ಪೊರೆ ಬಿಡುವ ಮುನ್ನ ಹುಳುಗಳು ಮೇವು ಬಿಟ್ಟು ಮಂಕಾಗಿ ಕೂರುವುದನ್ನು ನಮ್ಮ ಕಡೆ ಜ್ವರವೆನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳ ಹಸಿವಿಗೆ ಮಿತಿಯಿಲ್ಲ.

"ನಾಕನೇ ಜ್ವರ ಎದ್ದವೆ ಸಾರ್," ಎಂದರು ಮುನಿಯಪ್ಪ, ಕುಡುಗೋಲನ್ನು ನಿಲ್ಲಿಸದೆ. "ಸೊಪ್ಪು ಸುರೀತಾನೇ ಇರ್ಬೇಕು. ಇವಳು ಪರೀಕ್ಷೆ ಬರೀತಾಳೆ ಅಂತ ಹುಳ ಉಪಾಸ ಇರ್ತವಾ?"

"ಅವಳ ಪಾಲಿನ ಸೊಪ್ಪು ನಾನು ಕೊಯ್ತೀನಿ," ಎಂದರು ಪಿಳ್ಳಪ್ಪನವರು.

"ನೀವಾ?" ಮುನಿಯಪ್ಪ ನಕ್ಕರು. "ನೀವು ಸೊಪ್ಪು ಕೊಯ್ಯೋದು ಯಾವಾಗ, ಪಾಠ ಹೇಳೋದು ಯಾವಾಗ?"

"ತರಗತಿ ಮಧ್ಯಾಹ್ನಕ್ಕೆ ಮುಗಿಯುತ್ತೆ. ಕಾಲಂತೂ ಸುಮ್ನಿರೋಲ್ಲ. ಇಲ್ಲೇ ಆಡ್ಲಿ ಬಿಡಿ."

ಜಗುಲಿಯ ಮೇಲಿಂದ ಹುಡುಗಿಯ ಅಜ್ಜಿ ಅಕ್ಕಯಮ್ಮ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಮನೆಯೊಳಗೆ ತೆಲುಗು, ಹೊರಗಿನವರೊಡನೆ ಕನ್ನಡ, ಸಿಟ್ಟು ಬಂದಾಗ ಎರಡೂ. ಹುಳುಮನೆಯ ಕಟ್ಟುಪಾಡುಗಳನ್ನು ಆಕೆಯೇ ವಿಧಿಸಿದಳು: ಕೈಕಾಲು ತೊಳೆಯದೆ ಹತ್ತಿರ ಬರಕೂಡದು, ಒಳಗಂತೂ ಕಾಲಿಡಕೂಡದು, ಜಗುಲಿಯಲ್ಲೇ ಸೊಪ್ಪು ಹೆಚ್ಚಿಕೊಡಬೇಕು.

"ಆ ನಸ್ಯದ ಡಬ್ಬಿ ಬೇಲಿ ಹತ್ರಾನೇ ಬಿಟ್ಟು ಬಾ ನಾಯ್ನಾ. ಹುಳಕ್ಕೆ ಹೊಗೆಸೊಪ್ಪಿನ ಗಾಳೀನೂ ಆಗ್ಬರಲ್ಲ. ತಿಳೀತಾ?"

"ತಿಳೀತು ಕಣಮ್ಮ," ಎಂದು ಪಿಳ್ಳಪ್ಪನವರು ಶಾಲೆಯ ಹುಡುಗನಂತೆ ತಲೆಯಾಡಿಸಿದರು.

ಹೀಗೆ ಆರಂಭವಾಯಿತು. ಮಧ್ಯಾಹ್ನ ಮೇಷ್ಟ್ರೂ ಗಂಗರತ್ನಳೂ ತಂದೆ ಮಗಳಂತೆ ಒಂದೇ ಬಸ್ಸಿನಲ್ಲಿ ಹೋಗುವರು. ಇಳಿಹೊತ್ತಿನವರೆಗೆ ಮೇಷ್ಟ್ರು ಸೊಪ್ಪು ಕೊಯ್ದು, ಹೊತ್ತು, ಹೆಚ್ಚಿ, ಮತ್ತೆ ಮುಳಬಾಗಿಲಿಗೆ ಬರುವರು. ಅವರ ಬೆರಳುಗಳು ಹಸಿರಾದವು. ತರಗತಿಯಲ್ಲಿ ಹುಡುಗರು ಹಿಂದಿನಿಂದ "ಹುಳದ ಮೇಷ್ಟ್ರು" ಎಂದು ಕರೆಯತೊಡಗಿದರು. ಅವರಿಗೆ ಅದು ತಿಳಿದಿತ್ತು. "ಹುಳ ನಿಮಗಿಂತ ವಾಸಿ ಕಣ್ರೋ. ಕೊಟ್ಟಿದ್ದನ್ನ ಪೂರ್ತಿ ಮುಗಿಸ್ತವೆ," ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೊರಟರು.

ಪರೀಕ್ಷೆಯ ಹಿಂದಿನ ದಿನ ಮಕ್ಕಳಿಗೆ ಓದಿಕೊಳ್ಳಲೆಂದು ಬಿಡುವು ಕೊಟ್ಟಿದ್ದೆವು. ನಾನು ಮತ್ತು ಪಿಳ್ಳಪ್ಪನವರು ಶಾಲೆಯ ಜಗುಲಿಯಲ್ಲಿ ಪ್ರಶ್ನೆಪತ್ರಿಕೆಗಳನ್ನು ಜೋಡಿಸುತ್ತಿರುವಾಗ ತಾಯಲೂರಿನ ಬಸ್ಸಿನ ಕಂಡಕ್ಟರ್ ಗೇಟಿನ ಬಳಿ ನಿಂತು ಹೇಳಿದ:

"ಮುನಿಯಪ್ಪನ ಮನೇಲಿ ಹುಳ ಹೋದ್ವಂತೆ ಸಾರ್. ಒಂದು ಅಂಕಣದ ತಟ್ಟೆ ಪೂರ್ತಿ. ಹುಡುಗಿ ಊರೂರು ತಿರುಗಿ ದಿಷ್ಟಿ ಹೊತ್ಕೊಂಡು ಬಂದ್ಳು, ಇನ್ಮೇಲೆ ಹೊರಗೇ ಕಳ್ಸಲ್ಲ ಅಂತ ಮುದುಕಿ ಕೂತವ್ಳೆ."

ಪಿಳ್ಳಪ್ಪನವರು ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟರು. ತಮ್ಮ ಎಡಗೈಯನ್ನು ನೋಡಿಕೊಂಡರು. ಅನಂತರ ಹೇಳಿದರು:

"ಅವಳಲ್ಲ ಪಂಡಿತರೇ. ನಾನು."

ನಡೆದದ್ದು ಇಷ್ಟು. ಹಿಂದಿನ ಸಂಜೆ ಸೊಪ್ಪು ಹೆಚ್ಚುತ್ತಿರುವಾಗ, ಅವರೇ ಕೊಟ್ಟಿದ್ದ ಲೆಕ್ಕವೊಂದನ್ನು ಗಂಗರತ್ನ ಅವರಿಗೆ ಹೊಳೆಯದಿದ್ದ ದಾರಿಯಲ್ಲಿ ಬಿಡಿಸಿ ತೋರಿಸಿದಳು. ಮೇಷ್ಟ್ರು ಎದ್ದು ಅಂಗಳದಲ್ಲಿ ಓಡಾಡತೊಡಗಿದರು. ಅಂಗಳ ಸಾಲದೆ ಬೇಲಿಯವರೆಗೆ ಹೋದರು. ಅಲ್ಲಿ ಡಬ್ಬಿಯಿತ್ತು. ಕೈ ತನ್ನ ಪಾಡಿಗೆ ತಾನು ಅದನ್ನು ತೆರೆಯಿತು, ಮೂಗಿಗೊಯ್ದಿತು, ಮುಚ್ಚಿತು. ಅವರು ಲೆಕ್ಕದ ಗುಂಗಿನಲ್ಲೇ ಮರಳಿ ಬಂದು ಕುಳಿತು, ಉಳಿದ ಸೊಪ್ಪನ್ನು ಹೆಚ್ಚಿ, ಎರಡೂ ಕೈಗಳಿಂದ ಬಾಚಿ ಮೊರಕ್ಕೆ ತುಂಬಿಕೊಟ್ಟರು. ಬಸ್ಸಿನಲ್ಲಿ ಮರಳುವಾಗ ಮೂಗಿನಲ್ಲಿ ಘಾಟು ಇದ್ದುದನ್ನು ಗಮನಿಸಿದ್ದರಂತೆ. ಆದರೂ ಅದರ ಅರ್ಥ ಹೊಳೆದಿರಲಿಲ್ಲ.

"ಬಿಸಿಲಿಗೂ ಹೋಗಿರಬಹುದಲ್ಲ," ಎಂದೆ. ಹುಳುಗಳು ಸಾಯಲು ಕಾರಣಗಳಿಗೇನು ಕೊರತೆ?

"ಬಿಸಿಲು ಒಂದು ಅಂಕಣ ಆರಿಸ್ಕೊಂಡು ಹೋಗುತ್ತೇನ್ರೀ? ನಾನು ಹೆಚ್ಚಿದ ಸೊಪ್ಪು ಅಲ್ಲಿಗೇ ಹಾಕಿದ್ದು. ನಾಳೆ ಪರೀಕ್ಷೆ. ನಡೀರಿ."

ಮುನಿಯಪ್ಪನವರ ಅಂಗಳದಲ್ಲಿ ಬಿದಿರಿನ ತಟ್ಟೆಗಳನ್ನು ಹೊರಗೆ ಹಾಕಿದ್ದರು. ಹುಳುಗಳು ಹಸಿರು ನೀರನ್ನು ಕಕ್ಕಿ, ತಲೆಯೆತ್ತಿದಂತೆಯೇ ಮುದುಡಿಕೊಂಡಿದ್ದವು. ಗಂಗರತ್ನ ಗೋಡೆಗೆ ಒರಗಿ ನಿಂತಿದ್ದಳು. ಅಕ್ಕಯಮ್ಮನ ಬಾಯಿ ನಿಂತಿರಲಿಲ್ಲ.

"ನಾನು ಆವತ್ತೇ ಅಂದೆ. ಬೆಳೆದ ಹುಡುಗಿ ಬಸ್ಸತ್ತಿ ತಿರುಗಿದ್ರೆ ಹುಳ ಉಳೀತವಾ ಅಂತ. ಸಾಲ್ದೇ ನಿನ್ನ ಓದು? ಸಾಲ್ದೇ ತಲ್ಲೀ?"

"ಅಮ್ಮಾ," ಎಂದರು ಪಿಳ್ಳಪ್ಪನವರು. ಮುದುಕಿ ನಿಲ್ಲಿಸಲಿಲ್ಲ. "ಅಮ್ಮಾ, ಮಗೂನ ಬಿಡಿ. ನಿನ್ನೆ ನಾನು ನಶ್ಯ ಏರಿಸಿ, ಕೈ ತೊಳೀದೆ ಸೊಪ್ಪು ಹೆಚ್ಚಿದೆ. ನೀವು ಹೇಳಿದ್ರಿ. ನನಗೆ ಗೊತ್ತಿತ್ತು. ಮರೆತೆ. ದಿಷ್ಟಿಯಲ್ಲ, ಏನೂ ಅಲ್ಲ. ನನ್ನ ಕೈ."

ಅವರು ಆಡಿದ ಮಾತುಗಳಲ್ಲಿ ಇಷ್ಟು ಪೂರ್ಣವಾದುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮುನಿಯಪ್ಪ ಒಂದು ತಟ್ಟೆಯನ್ನೆತ್ತಿ ತಿಪ್ಪೆಯ ಕಡೆಗೆ ಹೋದರು. ಮರಳಿ ಬಂದು ಇನ್ನೊಂದನ್ನು ಎತ್ತಿದರು. ಹೀಗೆ ಎಲ್ಲವನ್ನೂ ಸಾಗಿಸಿದರು. ಪಿಳ್ಳಪ್ಪನವರು ಸಹಾಯಕ್ಕೆಂದು ಕೈ ಚಾಚಿ, ಚಾಚಿದ ಕೈಯನ್ನು ತಾವೇ ಹಿಂದಕ್ಕೆಳೆದುಕೊಂಡರು.

ಕೊನೆಗೆ ಮುನಿಯಪ್ಪ ಹೇಳಿದರು: "ಮಗು ನಾಳೆ ಬರ್ತಾಳೆ ಮೇಷ್ಟ್ರೇ, ಪರೀಕ್ಷೆ ಬರೀತಾಳೆ. ಅವಳ ಮೇಲೆ ಇದ್ದ ಮಾತನ್ನ ನೀವು ಇಳಿಸಿದ್ರಿ. ಆದ್ರೆ ನೀವು ಇನ್ನೊಂದ್ಸಲ ನಮ್ಮ ಹೊಸ್ಲು ತುಳೀಬೇಡಿ."

"ಆಯ್ತು," ಎಂದರು ಮೇಷ್ಟ್ರು.

ಗಂಗರತ್ನ ಪರೀಕ್ಷೆ ಬರೆದಳು. ಮೇಲೆ ಬಂದಳು. ಕೋಲಾರಕ್ಕೆ ಹೋದಳು. ಮರುವರ್ಷದ ಬೇಸಿಗೆ ತರಗತಿಗೆ ಪಿಳ್ಳಪ್ಪನವರನ್ನು ಕರೆಯಲಿಲ್ಲ. ಮೇಷ್ಟ್ರು ವಿದ್ಯಾರ್ಥಿಗಳ ಮನೆಗೆ ಹೋಗಿ ಬೆಳೆ ಹಾಳುಮಾಡಿದರೆಂಬ ಸುದ್ದಿ ಮೇಲಿನವರನ್ನು ತಲುಪಿತ್ತು. ಅವರ ಬದಲಿಗೆ ಬಂದ ಸಜ್ಜನರು ಕುರ್ಚಿಯ ಮೇಲೆ ಕುಳಿತು, ಉತ್ತರಗಳನ್ನು ಕರಿಹಲಗೆಯ ಮೇಲೆ ಬರೆಸಿ, ಹೊತ್ತಿಗೆ ಸರಿಯಾಗಿ ಪಾಠ ಮುಗಿಸುತ್ತಿದ್ದರು. ನನ್ನ ವ್ಯಾಕರಣದ ತರಗತಿಗೆ ಇನ್ನು ಯಾವ ಅಡ್ಡಿಯೂ ಇರಲಿಲ್ಲ. ಆದರೂ ಮೈದಾನದ ಕಡೆಗೆ ಕಿವಿಗೊಡುವ ಅಭ್ಯಾಸ ನನ್ನನ್ನು ಬಿಡಲಿಲ್ಲ.

ಮುಂದೆ ಪಿಳ್ಳಪ್ಪನವರಿಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ನಾನು ಶಾಲೆಯನ್ನು ಬಿಟ್ಟು ಕೋಲಾರದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಎಂಬತ್ತರ ದಶಕದ ನಡುವಿನ ಒಂದು ದಿನ ದೊಡ್ಡಮುನಿಯಪ್ಪನವರು ಅಲ್ಲಿಗೇ ಬಂದರು. ಗಂಗರತ್ನಳಿಗೆ ನಂಗಲಿಯ ಶಾಲೆಯಲ್ಲಿ ಗಣಿತದ ಉಪಾಧ್ಯಾಯಿನಿಯ ಕೆಲಸ ಸಿಕ್ಕಿತ್ತು. ಮನೆಯಲ್ಲಿ ಊಟ.

"ಪಿಳ್ಳಪ್ಪ ಮೇಷ್ಟ್ರನ್ನೂ ಕರ್ಕೊಂಡು ಬನ್ನಿ ಸಾರ್. ನೀವಾದ್ರೆ ಕರ್ಕೊಂಡು ಬರ್ತೀರಿ," ಎಂದರು. ಹಳೆಯದನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಪಿಳ್ಳಪ್ಪನವರು ಒಪ್ಪಿದರು. ಗೊತ್ತುಮಾಡಿದ ದಿನ ಒಗೆದ ಪಂಚೆಯುಟ್ಟು ಮುಳಬಾಗಿಲಿನ ಬಸ್ ನಿಲ್ದಾಣಕ್ಕೆ ನನಗಿಂತ ಮೊದಲೇ ಬಂದಿದ್ದರು. ಕೂದಲು ಪೂರ್ತಿ ನರೆತಿತ್ತು. ತಾಯಲೂರಿನ ಬಸ್ಸು ಬಂದು ನಿಂತಿತು. ನಾನು ಹತ್ತಿ ಹಿಂದಿರುಗಿ ನೋಡಿದರೆ ಅವರು ಕೆಳಗೇ ಇದ್ದರು.

"ನೀವು ಹೋಗಿ ಬನ್ನಿ ಪಂಡಿತರೇ. ಈಗ ಹುಳ ಯಾವ ಜ್ವರದಲ್ಲಿದಾವೋ ಏನೋ."

"ಅವರೇ ಕರೆದಿದ್ದಾರಲ್ಲ."

"ಕರೆದದ್ದು ಅವರ ದೊಡ್ಡತನ. ಕೈ ನಂದಲ್ವಾ? ನಾನು ಇಲ್ಲೇ ಟೀ ಅಂಗಡೀಲಿ ಇರ್ತೀನಿ. ನೋಡ್ಕೊಂಡು ಬಂದು ಹೇಳಿ, ಮಗು ಹೇಗಿದಾಳೆ, ಏನು ಪಾಠ ಮಾಡ್ತಾಳೆ, ಅದು ಇದು."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

ಮುನಿಯಪ್ಪನವರ ಅಂಗಳದಲ್ಲಿ ನನ್ನನ್ನು ಒಬ್ಬನನ್ನೇ ಕಂಡು ಗಂಗರತ್ನ ನನ್ನ ಹಿಂದೆ ಬೀದಿಯುದ್ದಕ್ಕೂ ಕಣ್ಣಾಡಿಸಿದಳು. ಅನಂತರ ಒಳಗೆ ಕರೆದಳು. ಊಟಕ್ಕೆ ಎಲೆ ಹಾಕಿದ್ದು ಹುಳುಮನೆಯಲ್ಲಿ. ಅದರ ಒಳಗನ್ನು ನಾನು ನೋಡಿದ್ದು ಅದೇ ಮೊದಲು. ಅಂಕಣಗಳೆಲ್ಲ ಬರಿದಾಗಿದ್ದವು, ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿದ್ದರು, ನೆಲವನ್ನು ಸಾರಿಸಿದ್ದರು.

"ಈ ಸಲ ಬೆಳೆ ಇಲ್ಲವೇ?" ಎಂದು ಕೇಳಿದೆ.

ಅಕ್ಕಯಮ್ಮ ಮೂಲೆಯಲ್ಲಿ ಕುಳಿತಿದ್ದಳು. ಕಣ್ಣು ಮಂಜಾಗಿತ್ತು. ನಾನು ಯಾರೆಂದು ಮೊಮ್ಮಗಳು ಹೇಳಬೇಕಾಯಿತು.

"ಇಡ್ಲಿಲ್ಲ ನಾಯ್ನಾ," ಎಂದಳು. "ಹುಳ ಇದ್ರೆ ಆವಯ್ಯ ಒಳಿಕ್ಕೆ ಬರಲ್ಲ ಅಂದ್ಳು ಇವಳು. ಅದಕ್ಕೇ ಈ ಸಲ ಬೇಡ ಅಂದೆ. ಎಲ್ಲಿ ಆವಯ್ಯ? ಚಪ್ಲಿ ಬಿಡ್ತಾ ಅವ್ನಾ?"

ಮುನಿಯಪ್ಪನವರು ನನ್ನ ಮುಖವನ್ನು ನೋಡಿ, ತಾಯಿಯ ಕಿವಿಯ ಹತ್ತಿರ ಬಾಗಿ, "ಬರ್ತಾರಮ್ಮ," ಎಂದರು. ಗಂಗರತ್ನ ಪಕ್ಕದ ಎಲೆಯನ್ನು ತೆಗೆಯಲಿಲ್ಲ. ನನ್ನ ಊಟ ಮುಗಿಯುವವರೆಗೂ ಅದು ಹಾಗೆಯೇ ಇತ್ತು.

ಸಿಕ್ಕಿದ ಮೊದಲ ಬಸ್ಸಿಗೆ ನಾನು ಮುಳಬಾಗಿಲಿಗೆ ಮರಳಿದೆ. ದಾರಿಯುದ್ದಕ್ಕೂ ನನಗೂ ಕುಳಿತಿರಲಾಗಲಿಲ್ಲ. ಮೇಷ್ಟ್ರಿಗೆ ಈ ಮಾತನ್ನು ತಲುಪಿಸಬೇಕಾಗಿತ್ತು. ಬೇಕಾದರೆ ಅವರನ್ನು ಹಿಡಿದು ಮರುಬಸ್ಸಿಗೆ ಹತ್ತಿಸಬಹುದಾಗಿತ್ತು. ನಿಲ್ದಾಣದಲ್ಲಿ ಇಳಿದವನೇ ಟೀ ಅಂಗಡಿಗೆ ಹೋದೆ.

"ನರೆತ ತಲೆಯವರಾ?" ಎಂದ ಅಂಗಡಿಯವನು. "ಇಷ್ಟೊತ್ತೂ ಇಲ್ಲೇ ಇದ್ರು ಸಾರ್. ತಾಯಲೂರಿನ ಬಸ್ಸು ಬಂದಾಗೆಲ್ಲ ಹತ್ರ ಹೋಗೋರು, ವಾಪಸ್ ಬರೋರು. ಈಗ ತಾನೇ ಶ್ರೀನಿವಾಸಪುರದ ಬಸ್ಸು ಹತ್ತಿದ್ರು."

ಮುಂದಿನ ಭಾನುವಾರ ನಾನೇ ಶ್ರೀನಿವಾಸಪುರಕ್ಕೆ ಹೋಗಿ ಹೇಳುವುದೆಂದು ನಿಶ್ಚಯಿಸಿದೆ. ಅಚ್ಚಿನ ಮನೆಯಲ್ಲಿ ಕೆಲಸ ಹೆಚ್ಚಾಯಿತು. ಒಂದು ಭಾನುವಾರ ತಪ್ಪಿತು. ಎರಡನೆಯದಕ್ಕೆ ನಾನು ಹೋದಾಗ ಅವರ ಮನೆಯಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಮನೆಯ ಮುಂದೆ ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು.