ಸಾರಂಗ ಕೂಗಿದ ದಿಕ್ಕು

ಲಂಡನ್ನಿನ ಕ್ವೀನ್ಸ್‌ಬರಿಯ ಕನ್ನಡಿಗರನ್ನು ಪ್ರತಿ ಅಕ್ಟೋಬರಿನಲ್ಲಿ ಬೆಳಗಿನ ನಡಿಗೆಗೆಂದು ಕಟ್ಟಿಕೊಂಡು, ಸಾರಂಗಗಳು ಅಡ್ಡಾಡುವ ರಿಚ್ಮಂಡ್ ಪಾರ್ಕಿನ ಮೇಲೆ ದಂಡೆತ್ತಿ ಹೋಗುವ ಮಹಾಸೇನಾನಿ ಡಾಕ್ಟರ್ ಗೋಪೀನಾಥ. ವಯಸ್ಸು ಅರವತ್ತೆಂಟು, ಊರು ಧಾರವಾಡ. ಮೂವತ್ತು ವರ್ಷ ಲಂಡನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಜನರ ಕಿವಿ ನೋಡಿದವರು. ಅಕ್ಟೋಬರೆಂದರೆ ಗಂಡು ಸಾರಂಗಗಳು ಹೆಣ್ಣುಗಳಿಗಾಗಿ ಗಂಟಲು ಹರಿದುಕೊಳ್ಳುವ ತಿಂಗಳು. ಕೂಗು ಬಂದ ದಿಕ್ಕನ್ನು ಗುರುತಿಸಿ, ಅದರ ವಿರುದ್ಧ ದಾರಿಯಲ್ಲಿ ಸೇನೆಯನ್ನು ನಡೆಸುವುದೇ ಗೋಪೀನಾಥರ ಯುದ್ಧತಂತ್ರ. ಮದವೇರಿದ ಸಾರಂಗಕ್ಕೆ ಮುಖ ನೋಡಿ ಮಣೆ ಹಾಕುವ ಅಭ್ಯಾಸವಿಲ್ಲ.

ಎರಡು ವರ್ಷದಿಂದ ಅವರ ಎಡಗಿವಿ ಕೇಳುತ್ತಿರಲಿಲ್ಲ. ಒಂದೇ ಕಿವಿಗೆ ಕೂಗು ಕೇಳುತ್ತದೆ, ದಿಕ್ಕು ಸಿಗುವುದಿಲ್ಲ. ಇದನ್ನು ಅವರೇ ಎಷ್ಟೋ ರೋಗಿಗಳಿಗೆ ವಿವರಿಸಿದ್ದರು. ಆದರೆ ತಮ್ಮದನ್ನು ಹೇಳಿಬಿಟ್ಟರೆ ಮುಂದಾಳುತನ ಹೋಗುತ್ತಿತ್ತು. ನಿವೃತ್ತಿಯ ನಂತರ ಉಳಿದಿದ್ದ ಪದವಿ ಅದೊಂದೇ. ಹಾಗಾಗಿ ತಪ್ಪಾದಾಗಲೆಲ್ಲ ನೆಲವನ್ನು ದೂರುತ್ತಿದ್ದರು. ದಿಬ್ಬದ ಮೇಲಿನ ಕೂಗು ದೂರ ಹೋಗುತ್ತದೆ, ತಗ್ಗಿನದನ್ನು ಇಳಿಜಾರು ತಡೆಯುತ್ತದೆ, ಓಕ್ ಮರಗಳ ಸಾಲು ಬೇರೆ ಕಡೆಗೆ ತಿರುಗಿಸಿ ಎಸೆಯುತ್ತದೆ. ಎಲ್ಲವೂ ನಿಜವೇ. ಆದರೆ ನಿಜಗಳನ್ನೇ ಜೋಡಿಸಿ ಸುಳ್ಳನ್ನು ನಿಲ್ಲಿಸುವುದು ಮೈ ಮುರಿಯುವ ಕೆಲಸ. ಮನೆಗೆ ಬಂದರೆ ಊಟವೂ ಬೇಡವಾಗಿ ಸೋಫಾದಲ್ಲಿ ಬೀಳುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಒಟ್ಟು ಎಂಟು ಜನ. ಮಂಜಿನೊಳಗಿಂದ ಒಂದು ಕೂಗೆದ್ದಿತು, ಹಳೆಯ ಲಾರಿ ಏರು ಹತ್ತುವಾಗ ನರಳುವಂಥದು.

“ಬಲಕ್ಕ, ದಿಬ್ಬದ ಮ್ಯಾಲೆ ಅದ,” ಎಂದರು ಗೋಪೀನಾಥ. “ನಾವು ಎಡಕ್ಕ ತಗ್ಗಿನ ದಾರಿ ಹಿಡಿಯೋಣು.”

ಬೆಂಗಳೂರಿನ ಐಟಿ ಹುಡುಗಿ ಸೌಜನ್ಯಾ ನಿಂತಳು. “ಅಂಕಲ್, ನಂಗೆ ಎಡಗಡೆಯಿಂದಾನೇ ಕೇಳಿಸ್ತು.”

“ಅದು ಮರದ ಸಾಲಿನ ಮೋಸ, ತಂಗಿ. ಧ್ವನಿ ಬಡದು ಹೊಳ್ಳಿ ಬರ್ತದ.”

“ರೀ,” ಎಂದು ಹೆಂಡತಿ ವತ್ಸಲಾ ತೋಳು ಹಿಡಿದೆಳೆದರು, “ಮೋಸಕ್ಕ ಕೋಡು ಬಂದಾವ ನೋಡ್ರಿ!”

ಎಡಕ್ಕೆ ಇಪ್ಪತ್ತೇ ಹೆಜ್ಜೆಯಾಚೆ, ಜರಿಗಿಡಗಳ ನಡುವಿನಿಂದ ಸಾರಂಗ ಎದ್ದು ನಿಂತಿತ್ತು. ಮೈತುಂಬ ಕೆಸರು, ಕೋಡಿನ ಮೇಲೆ ಒಣಗಿದ ಜರಿಯ ಕಿರೀಟ, ಥೇಟ್ ಬಯಲಾಟದ ರಾಜ. ಎಂಟು ಜನರ ಅಕ್ಷೌಹಿಣಿ ಉಸಿರು ಬಿಗಿಹಿಡಿದು, ಹಿಂದೆ ಹಿಂದೆ ಸರಿದು, ಓಕ್ ಮರದ ಮರೆ ಸೇರಿತು. ವಾರಗಟ್ಟಲೆ ಕೂಗಿ ರಾಜನೂ ಸುಸ್ತಾಗಿದ್ದನೇನೋ. ಒಮ್ಮೆ ತಲೆ ಕೊಡವಿ ದಿಬ್ಬ ಹತ್ತಿಹೋದ.

“ಮುಂದಿನ ವಾರ ಮಕ್ಕಳೂ ಬರ್ತಾರೆ ಅಂಕಲ್,” ಸೌಜನ್ಯಾ ಮೆಲ್ಲಗೆ ಹೇಳಿದಳು. “ಆಗಲೂ ನೀವೇ ಮುಂದೆ ಇರ್ತೀರಾ?”

ಗಾಳಿ, ಮಂಜು, ಇಳಿಜಾರು, ಎಲ್ಲ ನೆಪಗಳೂ ಗೋಪೀನಾಥರ ನಾಲಿಗೆಯ ತುದಿಯಲ್ಲಿದ್ದವು. ಹೇಳಲು ತ್ರಾಣವಿರಲಿಲ್ಲ.

“ಇಲ್ಲ ತಂಗಿ. ನನ್ನ ಎಡಗಿವಿ ಹೋಗಿ ಎರಡು ವರ್ಷ ಆತು. ಇನ್ನ ನೀನ ಮುಂದ ನಡಿ.”

ವತ್ಸಲಾ ಗಂಡನನ್ನು ದಿಟ್ಟಿಸಿದರು. “ಕಿವಿ ಹೋಗಿತ್ತೇನ್ರಿ? ಕರದ್ರೂ ಓ ಅನ್ನಲಾರದ್ದನ್ನ ನಾ ಸಂಸಾರದ ಬ್ಯಾಸರಕಿ ಅಂತ ತಿಳಕೊಂಡಿದ್ದೆ!”

“ಅದೂ ಸ್ವಲ್ಪ ಅದ,” ಎಂದರು ಗೋಪೀನಾಥ.

ಸೌಜನ್ಯಾ ಮುಂದಾದಳು. ಸಾಲಿನ ಕೊನೆಯಲ್ಲಿ ಮಾಜಿ ಸೇನಾನಿ, ಅವರ ಬಲಕ್ಕೆ ವತ್ಸಲಾ. ದೂರದಲ್ಲಿ ಇನ್ನೊಂದು ಕೂಗೆದ್ದಿತು. ಯಾವ ಕಡೆಯಿಂದ ಎಂದು ಯಾರೂ ಅವರನ್ನು ಕೇಳಲಿಲ್ಲ. ಗೋಪೀನಾಥರು ಜೇಬಿನಲ್ಲಿ ಕೈಯಿಟ್ಟುಕೊಂಡು, ಮುಂದಿನವರ ಬೂಟು ನೋಡುತ್ತ ನಡೆದರು.