ಚೌಕ ಗಂಡು, ವೃತ್ತ ಹೆಣ್ಣು

ನಿಮಗೆ ನಾಲಿಗೆಯನ್ನು ಕೊಳವೆಯ ಹಾಗೆ ಸುತ್ತಲು ಬರುತ್ತದೆಯೇ? ಪತ್ರಿಕೆ ಕೆಳಗಿಟ್ಟು ಒಮ್ಮೆ ಕನ್ನಡಿ ಮುಂದೆ ನಿಂತು ನೋಡಿ. ಬಂದರೆ ಅಪ್ಪನಿಗೋ ಅಮ್ಮನಿಗೋ ಥ್ಯಾಂಕ್ಸ್ ಹೇಳಿ. ಬರದಿದ್ದರೆ ನಷ್ಟವೇನಿಲ್ಲ.

ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠವನ್ನು ನಾನು ಪ್ರತಿ ವರ್ಷ ಶುರು ಮಾಡುವುದು ಹೀಗೆ. ಇಡೀ ಕ್ಲಾಸು ಒಟ್ಟಿಗೆ ನಾಲಿಗೆ ಚಾಚುತ್ತದೆ. ಹಿಂದಿನ ವಾರ ಭ್ರೂಣದ ಪಾಠದಲ್ಲಿ ತಲೆಯೆತ್ತದೆ ಕೂತಿದ್ದ ಹುಡುಗಿಯರೂ (ಆ ಪಾಠದ ಉದ್ದಕ್ಕೂ ಹಿಂದಿನ ಬೆಂಚಿನವರಿಗೆ ಕೆಮ್ಮು) ಈಗ ಬಾಯಿ ತುಂಬ ನಗುತ್ತಾರೆ. ನನಗೂ ಅದು ಅನುಕೂಲ. ನಾಲಿಗೆ, ಕಿವಿಯ ಹಾಲೆ, ಬಟಾಣಿ ಗಿಡದ ಎತ್ತರ. ಇಷ್ಟರಲ್ಲಿ ಮುಗಿಸಿಬಿಟ್ಟರೆ ಯಾರಿಗೂ ನೋವಾಗುವುದಿಲ್ಲ. ರಕ್ತಸಂಬಂಧದಲ್ಲಿ ಮದುವೆಯಾಗುವುದರ ಬಗ್ಗೆ ಕೊನೆಯಲ್ಲಿ ಒಂದು ಪ್ಯಾರಾ ಇದೆ. ಅದನ್ನು ಮಾತ್ರ "ಮನೆಯಲ್ಲಿ ಓದಿಕೊಳ್ಳಿ" ಎಂದುಬಿಡುತ್ತಿದ್ದೆ.

ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಹೋಮ್‌ವರ್ಕ್ ಕೊಟ್ಟೆ. ನಿಮ್ಮ ನಿಮ್ಮ ಮನೆಯ ವಂಶವೃಕ್ಷ ಬರೆದು ತನ್ನಿ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಗಂಡ ಹೆಂಡತಿ ನಡುವೆ ಒಂದು ಗೆರೆ. ಯಾರಿಗೆ ನಾಲಿಗೆ ಸುತ್ತಲು ಬರುವುದಿಲ್ಲವೋ ಅವರಿಗೆ ಕಪ್ಪು ಬಣ್ಣ. ಅಷ್ಟೇ.

ಮಾರನೆಯ ದಿನ ತಮಾಷೆಯೋ ತಮಾಷೆ. ಒಬ್ಬ ತಾತನ ಬಾಯಿ ತೆರೆಸಲು ಹೋಗಿ ಬೈಸಿಕೊಂಡಿದ್ದ. ಇನ್ನೊಬ್ಬಳು ಎಮ್ಮೆಗೂ ಒಂದು ವೃತ್ತ ಬರೆದಿದ್ದಳು.

ಶೋಭಳ ಹಾಳೆ ಕೊನೆಯಲ್ಲಿತ್ತು. (ಹೆಸರು ಬದಲಿಸಿದ್ದೇನೆ. ಮಾಕವಳ್ಳಿಯ ಕಡೆಯ ಹುಡುಗಿ ಎಂದಷ್ಟೇ ತಿಳಿದುಕೊಳ್ಳಿ.) ಕ್ಲಾಸಿನಲ್ಲಿ ಮಾತೇ ಆಡದವಳು. ಅವಳ ಹಾಳೆಯಲ್ಲಿ ಅಪ್ಪ ಅಮ್ಮನ ನಡುವೆ ಒಂದರ ಬದಲು ಎರಡು ಗೆರೆ. ಅಂದರೆ ಸಂಬಂಧದೊಳಗಿನ ಮದುವೆ. ನಾನು ಕ್ಲಾಸಿನಲ್ಲಿ ಹೇಳಿಕೊಟ್ಟಿರಲಿಲ್ಲ. ನಾನು ಬಿಟ್ಟ ಪ್ಯಾರಾವನ್ನು ಇವಳೊಬ್ಬಳು ಮನೆಯಲ್ಲಿ ನಿಜವಾಗಿಯೂ ಓದಿಕೊಂಡಿದ್ದಳು! ಅಪ್ಪ ಅಮ್ಮನ ಕೆಳಗೆ ಮೂವರು ಮಕ್ಕಳು. ಎರಡು ಕಪ್ಪು, ನಡುವೆ ಒಂದು ಬಿಳಿ.

"ಇವರಿಗೆ ನಾಲಿಗೆ ಸುತ್ತಲು ಬರಲ್ವಾ?"

"ಅಕ್ಕಂಗೂ ತಮ್ಮಂಗೂ ಕಿವಿ ಕೇಳಲ್ಲ ಮಿಸ್. ಮಾತೂ ಬರಲ್ಲ."

ನಡುವಿನ ಬಿಳಿ ವೃತ್ತ ಅವಳು. ಆ ವೃತ್ತದ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ತೆಳ್ಳಗೆ ಒಂದು ಚೌಕ. ನಡುವೆ ಮತ್ತೆ ಎರಡು ಗೆರೆ.

"ಇದ್ಯಾರು?"

"ನಮ್ಮ ಮಾವ ಮಿಸ್. ಅಮ್ಮನ ತಮ್ಮ. ಪರೀಕ್ಷೆ ಮುಗಿದ ಮೇಲೆ ಮದುವೆ." ಆಮೇಲೆ ಇನ್ನೂ ಮೆತ್ತಗೆ ಕೇಳಿದಳು. "ನೀವು ಒಂದ್ಸಲ ನಮ್ಮಪ್ಪಂಗೆ ಹೇಳ್ತೀರಾ ಮಿಸ್?"

ಹೆಡ್‌ಮಾಸ್ಟರ ಬಳಿ ಹೋದೆ. ಹುಡುಗಿಗಿನ್ನೂ ಹದಿನಾರು ಸರ್, ಕಾನೂನು ಇದೆಯಲ್ಲ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪೊಲೀಸ್ ಕರೆಸ್ತೀರಾ ಮೇಡಂ? ಕರೆಸಿ. ನಾಳೆಯಿಂದ ಆ ಸುತ್ತಿನ ಯಾವ ಊರಿಂದಲೂ ಒಂದು ಹೆಣ್ಣುಮಗು ಸ್ಕೂಲಿಗೆ ಬರಲ್ಲ." ಅವರು ಕೆಟ್ಟವರಲ್ಲ. ಹೆದರಿದವರು. ಪೂರ್ತಿ ಸುಳ್ಳನ್ನೂ ಹೇಳಿರಲಿಲ್ಲ.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ನಾನೇ ಬಸ್ಸು ಹತ್ತಿದೆ.

ಶೋಭಳ ಅಪ್ಪ ನಿಂಗಣ್ಣ ಜಗಲಿಯ ಮೇಲೆ ಕೂತಿದ್ದರು. ಎದ್ದು ಚಾಪೆ ಹಾಸಿದರು. "ಬನ್ನಿ ಮೇಡಮ್ಮೋರೆ, ಕುಂತ್ಕಳಿ. ಯಾಕೆ, ಮಗಳು ಸರ್ಯಾಗ್ ಓದ್ತಿಲ್ವಾ?"

ಚೆನ್ನಾಗಿ ಓದುತ್ತಾಳೆ ಎಂದೆ. ಆಮೇಲೆ ಬಂದ ವಿಷಯ ಹೇಳಿದೆ. ಒಂದೇ ಮನೆತನದಲ್ಲಿ ಅಡಗಿಕೊಂಡಿರುವ ದೋಷ ಇಬ್ಬರ ಕಡೆಯಿಂದಲೂ ಬಂದು ಸೇರಿದರೆ ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಆಗಲೇಬೇಕೆಂದಿಲ್ಲ. ಆಗಬಹುದು. ನಿಮ್ಮ ಮನೆಯಲ್ಲಿ ಎರಡು ಸಲ ಆಗಿದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೀವೇಳಾದು ದಿಟ್ವೇ ಇರ್ಬೋದು ಕಣವ್ವ. ಆದ್ರೆ ಮನೇಲಿ ಎರಡು ಮೂಗ ಮಕ್ಳವೆ. ಹೊರಗ್ನಿಂದ ಯಾವನು ಬಂದು ಇವಳ ಕಟ್ಕಂಡಾನು? ಎರಡು ಕಡೆಯೋರು ಬಂದ್ರು, ದೊಡ್ಡವಳ ನೋಡುದ್ರು, ಕಾಪೀನೂ ಕುಡೀದೆ ಎದ್ದೋದ್ರು. ನನ್ ಬಾಮೈದ ಒಬ್ನೇ ಆಯ್ತೀನಿ ಅಂತಾವ್ನೆ. ಕುಡಿಯಾಕಿಲ್ಲ, ಇಸ್ಪೀಟ್ ಆಡಾಕಿಲ್ಲ. ಬ್ಯಾಡ ಅಂದ್ಬುಟ್ಟು ಇವಳ್ನೂ ಮನೇಲೇ ಇಟ್ಕಳ್ಳಾ?"

ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರ ಎಲ್ಲಿದೆ? ಇವಳು ಇನ್ನೂ ಓದಲಿ, ಕೆಲಸ ಸಿಗುತ್ತದೆ, ಆಮೇಲೆ ನೋಡಿದರಾಯಿತು ಎಂದೆಲ್ಲ ತೊದಲಿದೆ. ಅವರು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

"ಅಲ್ಲಾ ಮೇಡಮ್ಮೋರೆ, ತಪ್ಪು ತಿಳೀಬ್ಯಾಡಿ. ನೀವೂ ಸೋದರಮಾವುನ್ನೇ ಮದ್ವೆ ಆಗಿರಾದಂತಲ್ಲ? ನಿಮ್ ಮಗ ಮೈಸೂರ್ನಲ್ಲಿ ಓದ್ತಾವ್ನಂತೆ."

"ಹೌದು."

"ಕಿವಿ ಕೇಳ್ತದಾ?"

"ಕೇಳುತ್ತೆ."

"ಮಾತಾಡ್ತಾನಾ?"

"ಹೂಂ."

"ಮತ್ತೆ?"

ಬಾಗಿಲ ಹಿಂದೆ ಶೋಭ ನಿಂತಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಲೋಟದೊಳಗಿನ ನೀರು ನೋಡಿದೆ.

ಈ ಅಂಕಣದಲ್ಲಿ ನಿಮಗೆ ಏನೇನೋ ಹೇಳಿದ್ದೇನೆ. ಕುಕ್ಕರ್ ಸಿಡಿದು ಬೇಳೆಯೆಲ್ಲ ಸೂರಿಗೆ ಅಂಟಿಕೊಂಡಿದ್ದು, ಶ್ರೀರಂಗಪಟ್ಟಣದಲ್ಲಿ ತಪ್ಪು ಬಸ್ಸು ಹತ್ತಿ ನಾಗಮಂಗಲದ ಮದುವೆಗೆ ಊಟ ಮುಗಿದ ಮೇಲೆ ತಲುಪಿದ್ದು, ನಮ್ಮ ಮನೆಯವರ ಗೊರಕೆ. ಇದೊಂದನ್ನು ಹೇಳಿಲ್ಲ.

ಮಗನಿಗಿಂತ ಮೊದಲು ನನಗೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ್ದರು.

ಮೊದಲನೆಯದು ಹನ್ನೊಂದು ದಿನ ಇತ್ತು. ಹೆಸರಿಡುವ ಮುಂಚೆಯೇ ಹೋಯಿತು. ಎರಡನೆಯವಳು ಎಂಟು ತಿಂಗಳು ಬದುಕಿದಳು. ಕುತ್ತಿಗೆ ನಿಲ್ಲಲೇ ಇಲ್ಲ. ನನ್ನ ಗುರುತು ಅವಳಿಗೆ ಸಿಗಲೇ ಇಲ್ಲ. ಮೈಸೂರಿನ ಡಾಕ್ಟರು "ಸಂಬಂಧದಲ್ಲಿ ಮದುವೆಯಾ?" ಎಂದು ಕೇಳಿದಾಗ ನಮ್ಮ ಮನೆಯವರು ನೆಲ ನೋಡಿದರು. ನಾನು ಹೌದು ಎಂದೆ. ಡಾಕ್ಟರು ಬರೆದುಕೊಂಡರು. ಬೇರೇನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನಾನು ಬಿ.ಎಸ್ಸಿ. ಓದಿದವಳು.

ನನ್ನ ಅತ್ತೆ ಎಂದರೆ ನನ್ನ ಅಜ್ಜಿಯೇ. ಮೊಮ್ಮಗಳು ಬೇರೆ ಮನೆಗೆ ಹೋಗಿ ಕಷ್ಟಪಡಬಾರದು ಎಂದು ಪ್ರೀತಿಯಿಂದ ಮಾಡಿದ ಮದುವೆ. ಯಾರ ಮೇಲೆ ರೇಗಲಿ? ನಮ್ಮ ಮನೆಯಲ್ಲಿ ಆ ಇಬ್ಬರ ಮಾತು ಬರುವುದಿಲ್ಲ. ಮಗನಿಗೂ ಗೊತ್ತಿಲ್ಲ. (ಇವತ್ತು ಪತ್ರಿಕೆ ನೋಡಿದರೆ ಗೊತ್ತಾಗುತ್ತದೆ.)

ಆ ಜಗಲಿಯ ಮೇಲೆ ಇದನ್ನು ಹೇಳಿದ್ದರೆ? ನಿಂಗಣ್ಣ ಮನಸ್ಸು ಬದಲಿಸುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಆದರೆ ನನ್ನ ಹತ್ತಿರ ಇದ್ದ ನಿಜವಾದ ಪಾಠ ಅದೊಂದೇ. ಹೇಳಿದರೆ, ಮಕ್ಕಳು ಹೋದದ್ದು ಈ ಮದುವೆಯಿಂದಲೇ ಎಂದು ನಾನು ಅಂದ ಸುದ್ದಿ ಮಾರನೆಯ ಬಸ್ಸಿಗೇ ಪಾಂಡವಪುರಕ್ಕೆ, ಅಜ್ಜಿಯ ಕಿವಿಗೆ ತಲುಪುತ್ತದೆ ಎಂಬ ಲೆಕ್ಕ ತಲೆಯೊಳಗೆ ನಡೆಯುತ್ತಿತ್ತು. ನೀರು ಕುಡಿದು ಎದ್ದೆ.

ಬೇಲಿಯ ತನಕ ಶೋಭಳ ಅಮ್ಮ ಜಯಮ್ಮ ಬಂದರು. ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದವರು ನನ್ನ ಕೈ ಹಿಡಿದುಕೊಂಡರು.

"ಮೇಡಮ್ಮೋರೆ, ಇದು ರಕ್ತದಲ್ಲೇ ಬರಾದಾ?"

"ಹೌದಮ್ಮ. ಇಬ್ಬರ ಕಡೆಯಿಂದಲೂ ಬರಬೇಕು."

"ಅಂಗಾರೆ ಗ್ರಾಣದಲ್ಲಿ ನಾನು ಹೊರೀಕೆ ಬಂದಿದ್ಕೆ ಆಗಿದ್ದಲ್ಲ ಅನ್ನಿ? ದೊಡ್ಡವಳು ಹೊಟ್ಟೇಲಿದ್ದಾಗ ಗ್ರಾಣ ಇಡೀತು. ಕರ ಕಿತ್ಕಂಡಿತ್ತು ಅಂತ ಹೊರೀಕೆ ಬಂದ್ಬುಟ್ಟಿದ್ದೆ. ನಿನ್ನಿಂದ್ಲೇ ಇಂಗಾಯ್ತು ಅಂತ ಇಪ್ಪತ್ತೊರ್ಸದಿಂದ ಎಲ್ರೂ ಅಂತಾವ್ರೆ."

ಹೊಟ್ಟೆಯೊಳಗೆ ಮಗುವಿನ ಕಿವಿ ಹೇಗೆ ಮೂಡುತ್ತದೆ ಎಂದು ನಾನು ವರ್ಷ ವರ್ಷ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಅದನ್ನು ತಿಳಿದುಕೊಳ್ಳಬೇಕಾದ ಹೆಂಗಸು ಇಲ್ಲಿ ಬೇಲಿ ಪಕ್ಕ ನಿಂತಿದ್ದರು. "ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ಜಯಮ್ಮ. ನಿಮ್ಮ ತಪ್ಪಲ್ಲ" ಎಂದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು, ಸದ್ದು ಬಾರದ ಹಾಗೆ ಅತ್ತರು. ಆಗಲಾದರೂ ಹೇಳಬಹುದಿತ್ತು, ನನಗೂ ಹೀಗೇ ಆಯಿತಮ್ಮ ಎಂದು. ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಹೊರಟುಬಿಟ್ಟೆ.

ಶೋಭ ಸ್ಕೂಲಿನಲ್ಲಿ ಮತ್ತೆ ಆ ಮಾತು ಎತ್ತಲಿಲ್ಲ. ಪರೀಕ್ಷೆ ಬರೆದಳು. ವಿಜ್ಞಾನದಲ್ಲಿ ಸ್ಕೂಲಿಗೇ ಅವಳದು ಹೆಚ್ಚು ಮಾರ್ಕ್ಸು. ರಿಸಲ್ಟ್ ಬರುವ ಹೊತ್ತಿಗೆ ಕೆ.ಆರ್. ಪೇಟೆಯ ಛತ್ರದಲ್ಲಿ ಮದುವೆ ಮುಗಿದಿತ್ತು. ಹೋಗಿದ್ದೆ. ಸ್ಟೀಲ್ ಡಬ್ಬಿ ಕೊಟ್ಟು ಫೋಟೊಗೆ ನಿಂತೆ. ಹುಡುಗ ನಿಜವಾಗಿಯೂ ಒಳ್ಳೆಯವನು. ಅವಳ ಅಕ್ಕ ಮಂಟಪದ ಪಕ್ಕ ಕೂತು ವಾಲಗದವರ ಉಬ್ಬಿದ ಕೆನ್ನೆಗಳನ್ನೇ ನೋಡುತ್ತಿದ್ದಳು.

ಮೊನ್ನೆ ಸ್ಕೂಲಿನ ವಿಳಾಸಕ್ಕೆ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಅದೇ ದುಂಡು ಅಕ್ಷರ.

"ಪೂಜ್ಯ ಮಿಸ್ ಅವರಿಗೆ ನಮಸ್ಕಾರಗಳು. ನನಗೆ ಹೆಣ್ಣುಮಗು ಹುಟ್ಟಿದೆ. ಈಗ ಐದು ತಿಂಗಳು. ನೋಡಲು ಚೆನ್ನಾಗಿದೆ. ಅಮ್ಮ ದಿನಾ ತೊಟ್ಟಿಲ ಹಿಂದೆ ನಿಂತು ತಟ್ಟೆ ಬಡಿಯುತ್ತಾರೆ. ಒಂದೊಂದು ದಿನ ತಿರುಗಿದ ಹಾಗೆ ಇರುತ್ತದೆ. ಒಂದೊಂದು ದಿನ ಇಲ್ಲ. ನಿಮಗೂ ಸಂಬಂಧದಲ್ಲೇ ಮದುವೆಯಾಗಿ ಏನೂ ತೊಂದರೆ ಆಗಲಿಲ್ಲವಲ್ಲ, ಅದನ್ನು ನೆನೆಸಿಕೊಂಡೇ ಧೈರ್ಯವಾಗಿದ್ದೇನೆ. ನಿಮ್ಮ ಮಗು ಎಷ್ಟನೇ ತಿಂಗಳಿಗೆ ಸದ್ದಿಗೆ ತಿರುಗಿತು ಮಿಸ್? ದಯವಿಟ್ಟು ಬರೆಯಿರಿ."

ಬರೆಯುತ್ತೇನೆ. ಮಗುವನ್ನು ತಡಮಾಡದೆ ಮೈಸೂರಿಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸು, ನಾನೂ ಜೊತೆಗೆ ಬರುತ್ತೇನೆ ಎಂದು ಬರೆಯುವುದು ಕಷ್ಟವಲ್ಲ. ಅದನ್ನು ಆಗಲೇ ಬರೆದಿದ್ದೇನೆ. ಅವಳು ಕೇಳಿರುವ ಪ್ರಶ್ನೆಯ ಮುಂದೆ ಮೂರು ದಿನದಿಂದ ಪೆನ್ನು ನಿಂತಿದೆ.

ಯಾವ ಮಗುವಿನಿಂದ ಶುರು ಮಾಡಲಿ?